ಮಕ್ಕಳ ಪುಸ್ತಕದ ಚಿತ್ರಕಾರರಾಗಲು ಐದು ವರ್ಷ: ಯಾವುದು ಮೊದಲು, ಯಾವುದು ಆಮೇಲೆ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಕಡೆಯಿಂದ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯಬೇಕೆಂದು ಹೊರಡುವ ಹುಡುಗ ಹುಡುಗಿಯರ ಫೈಲುಗಳು ಬಹುಮಟ್ಟಿಗೆ ಒಂದೇ ರೀತಿ ಇರುತ್ತವೆ. ಪೆನ್ಸಿಲ್ ಶೇಡಿಂಗಿನಲ್ಲಿ ಒಬ್ಬ ನಟನ ಮುಖ, ಒಂದು ದೇವರ ಚಿತ್ರ, ನಂದಿಬೆಟ್ಟದ ಸೂರ್ಯೋದಯ, ಟ್ಯಾಬ್ಲೆಟ್ಟಿನಲ್ಲಿ ಬಿಡಿಸಿದ ದೊಡ್ಡ ಕಣ್ಣಿನ ಒಂದೆರಡು ಹುಡುಗಿಯರು. ಕೈ ಪಳಗಿರುವುದು ಕಾಣುತ್ತದೆ. ಆದರೆ ಪ್ರಕಾಶನದ ಸಂಪಾದಕರು ಹುಡುಕುವುದು ಬೇರೆಯದನ್ನು: ಇದೇ ಹುಡುಗಿ ಬೆನ್ನು ತಿರುಗಿಸಿ ನಿಂತರೆ ಹೇಗಿರುತ್ತಾಳೆ, ಅಳುತ್ತಾ ಓಡಿದರೆ ಹೇಗಿರುತ್ತಾಳೆ, ಪುಸ್ತಕದ ಕೊನೆಯ ಪುಟದಲ್ಲೂ ಇವಳೇ ಅವಳು ಎಂದು ಮಗು ಗುರುತಿಸುತ್ತದೆಯೇ? ಫೈಲಿನಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ, ಹಾಗಾಗಿ ಕೆಲಸ ಸಿಗದೆ ವಾಪಸಾಗುತ್ತಾರೆ.

ಹೀಗೆ ವಾಪಸಾಗುವವರಲ್ಲಿ ಹೆಚ್ಚಿನವರು ಕಲಿತ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಟ್ಯಾಬ್ಲೆಟ್, ಆಮೇಲೆ ಬಣ್ಣ, ಆಮೇಲೆ ಸ್ವಂತ ಶೈಲಿ, ಕಡೆಗೆ ಎಂದಾದರೂ ಕಥೆ ಎಂದು ಅವರು ನಡೆದಿರುತ್ತಾರೆ. ಈ ಮಾರ್ಗದರ್ಶಿ ಅದನ್ನು ತಿರುಗಿಸಿ ಹೇಳುತ್ತದೆ. ಕೆಲಸಕ್ಕೋ ಕಾಲೇಜಿಗೋ ಹೋಗುತ್ತಾ ದಿನಕ್ಕೆ ಒಂದು ಗಂಟೆ, ಭಾನುವಾರ ಮೂರು ಗಂಟೆ ಕೊಡಬಲ್ಲವರಿಗೆ ಐದು ವರ್ಷ ಎಂದು ಲೆಕ್ಕ ಹಾಕಿದ್ದೇನೆ. ಮಾತು ಗಾಳಿಯಲ್ಲಿ ತೇಲದಿರಲೆಂದು ಉದ್ದಕ್ಕೂ ಒಂದೇ ಕಾಲ್ಪನಿಕ ಕಥೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ: ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಸಾಕುವ ಮನೆಯ ಏಳು ವರ್ಷದ ಗೌರಿ, ಒಂದು ಹುಳುವನ್ನು ಪೆನ್ಸಿಲ್ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡು ಶಾಲೆಗೆ ಹೋಗುತ್ತಾಳೆ.

## ಆರಂಭಕ್ಕೆ ಬೇಕಾದ ಸಾಮಾನು

ಮೊದಲ ಎರಡು ವರ್ಷಕ್ಕೆ ಜೇಬಿನಲ್ಲಿ ಹಿಡಿಯುವ ಒಂದು ಸ್ಕೆಚ್‌ಬುಕ್, ಎ4 ಅಳತೆಯ ಇನ್ನೊಂದು, 2ಬಿ ಮತ್ತು 4ಬಿ ಪೆನ್ಸಿಲ್, ಸಾಧಾರಣ ಬಾಲ್ ಪೆನ್ನು, ನೀರಿಗೆ ಕದಡದ ಒಂದು ಕಪ್ಪು ಪೆನ್ನು, ಒಂದು ರೀಮ್ ಬಿಳಿ ಹಾಳೆ ಸಾಕು. ಮೂರನೆಯ ವರ್ಷಕ್ಕೆ ಕತ್ತರಿ, ಅಂಟು, ಸ್ಟೇಪ್ಲರ್ ಸೇರುತ್ತವೆ. ಬಣ್ಣಕ್ಕೆ ಕೈ ಹಾಕುವ ವರ್ಷ 300 ಜಿಎಸ್‌ಎಂ ತೂಕದ ದಪ್ಪನೆಯ ಜಲವರ್ಣದ ಕಾಗದ, ಹನ್ನೆರಡು ಬಣ್ಣಗಳ ಒಂದು ಪೆಟ್ಟಿಗೆ, ಪೋಸ್ಟರ್ ಕಲರ್‌ನ ಬಿಳಿಯ ಸೀಸೆ ಕೊಳ್ಳಿ. ಟ್ಯಾಬ್ಲೆಟ್ಟಿಗೆ ಈಗಲೇ ಸಾಲ ಮಾಡಬೇಡಿ. ಅದು ಆರನೆಯ ಹಂತದ ಮಾತು.

ಕಲಾ ಶಾಲೆಗೆ ಸೇರಲೇಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಪಿಯುಸಿ ಆದ ಮೇಲೆ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲೋ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲೋ ನಾಲ್ಕು ವರ್ಷದ ದೃಶ್ಯಕಲಾ ಪದವಿ ಮಾಡಿದರೆ ಗೆರೆ, ಮೈಕಟ್ಟು, ಬಣ್ಣದ ಅಭ್ಯಾಸಕ್ಕೆ ಶಿಸ್ತು ಸಿಗುತ್ತದೆ, ನಿಮ್ಮ ಕೆಲಸವನ್ನು ದಾಕ್ಷಿಣ್ಯವಿಲ್ಲದೆ ನೋಡುವ ಸಹಪಾಠಿಗಳು ಸಿಗುತ್ತಾರೆ. ಆದರೆ ಕಥೆಯನ್ನು ಪುಟಗಳಿಗೆ ಹಂಚುವ ವಿದ್ಯೆಯನ್ನು ಪದವೀಧರರೂ ಬಹುಪಾಲು ತಾವೇ ಕಲಿತುಕೊಳ್ಳಬೇಕಾಗುತ್ತದೆ. ಪ್ರಕಾಶಕರು ಪದವಿ ಪ್ರಮಾಣಪತ್ರ ಕೇಳಿದ್ದನ್ನು ನಾನಂತೂ ಕಂಡಿಲ್ಲ.

## ಹಂತ 1: ಕಣ್ಣೆದುರಿನದನ್ನು ಗೆರೆಯಲ್ಲಿ ಹಿಡಿಯುವುದು (ಮೊದಲ ವರ್ಷ)

ಈ ವರ್ಷ ಫೋಟೋ ನೋಡಿ ಬರೆಯುವುದನ್ನು ಪೂರ್ತಿ ಬಿಡಿ. ಫೋಟೋ ಈಗಾಗಲೇ ಚಪ್ಪಟೆಯಾಗಿರುತ್ತದೆ. ಯಾವುದು ಮುಖ್ಯ, ಯಾವುದನ್ನು ಬಿಡಬೇಕು ಎಂಬ ತೀರ್ಮಾನವನ್ನು ಕ್ಯಾಮೆರಾ ನಿಮ್ಮ ಪರವಾಗಿ ಮಾಡಿಬಿಟ್ಟಿರುತ್ತದೆ. ಆ ತೀರ್ಮಾನ ಮಾಡುವುದನ್ನೇ ನೀವು ಕಲಿಯಬೇಕಾಗಿದೆ. ಬಸ್ ನಿಲ್ದಾಣ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಕೋಲಾರದ ಟೊಮೆಟೊ ಮಂಡಿ, ಸಂತೆ, ಹೊಲ, ಟೀ ಅಂಗಡಿಯ ಬೆಂಚು, ಹೀಗೆ ಜನ ತಮ್ಮ ಪಾಡಿಗೆ ತಾವು ಕೆಲಸ ಮಾಡುವ ಕಡೆ ಕುಳಿತು ಬಾಲ್ ಪೆನ್ನಿನಲ್ಲಿ ಬರೆಯಿರಿ. ಪೆನ್ನು ಏಕೆಂದರೆ ಅಳಿಸಲಾಗುವುದಿಲ್ಲ. ರಬ್ಬರು ಕೈಯಲ್ಲಿದ್ದವರು ಒಂದೇ ಮೂಗನ್ನು ಹತ್ತು ನಿಮಿಷ ತಿದ್ದುತ್ತಾ ಕೂರುತ್ತಾರೆ, ಅಷ್ಟರಲ್ಲಿ ಮೂಗಿನವರು ಬಸ್ಸು ಹತ್ತಿರುತ್ತಾರೆ.

ಮೊದಲ ಮೂರು ತಿಂಗಳು ಒಂದೊಂದು ಚಿತ್ರಕ್ಕೆ ಅರ್ಧ ನಿಮಿಷ ಮಾತ್ರ ಕೊಟ್ಟು, ಟೊಮೆಟೊ ಕ್ರೇಟು ಎತ್ತುವವನ ಬೆನ್ನಿನ ಬಾಗು, ಭಾರ ಯಾವ ಕಾಲಿನ ಮೇಲೆ ಬಿದ್ದಿದೆ ಎಂಬುದು, ತಲೆ ವಾಲಿದ ದಿಕ್ಕು ಇಷ್ಟನ್ನೇ ಹಿಡಿಯಿರಿ. ಆಮೇಲೆ ಎರಡು ನಿಮಿಷಕ್ಕೆ, ಅನಂತರ ಹದಿನೈದು ನಿಮಿಷಕ್ಕೆ ಹೋಗಿ. ಈ ಅನುಕ್ರಮವನ್ನು ತಿರುಗಿಸಿ, ಮೊದಲೇ ಒಂದೊಂದು ಗಂಟೆಯ ಶೇಡಿಂಗಿಗೆ ಕುಳಿತವರ ಮನುಷ್ಯರು ಮುಂದೆಯೂ ಕಲ್ಲಿನ ಕಂಬಗಳಂತೆ ನಿಲ್ಲುತ್ತಾರೆ.

ವಸ್ತುಗಳನ್ನು ಬರೆಯುವಾಗ ಅವು ಹೇಗೆ ಕೆಲಸ ಮಾಡುತ್ತವೆ ಎಂದು ಅರಿತು ಬರೆಯಿರಿ. ಹುಳು ಮನೆಯ ಚಂದ್ರಿಕೆಯನ್ನು, ಅಂದರೆ ರೇಷ್ಮೆಹುಳು ಗೂಡು ಕಟ್ಟುವ ತಟ್ಟಿಯನ್ನು ತೆಗೆದುಕೊಳ್ಳಿ. ದೂರದಿಂದ ಅದು ಬರೀ ಬಿದಿರಿನ ತಟ್ಟಿಯಂತೆ ಕಾಣುತ್ತದೆ. ಹತ್ತಿರ ಕುಳಿತು ನೋಡಿದರೆ, ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಒಳಗಿನಿಂದ ಹೊರಕ್ಕೆ ಸುತ್ತುತ್ತಾ ಬಂದಿರುತ್ತಾರೆ. ನಾಲ್ಕು ಜ್ವರ (ಪೊರೆ ಕಳಚುವ ಸರದಿ) ಕಳೆದು ಹಣ್ಣಾದ ಹುಳು ಮೈ ತುಸು ಹಳದಿಯಾಗಿ, ಬೆಳಕು ಹಾಯುವಂತಾಗಿ, ತಲೆಯೆತ್ತಿ ಆಚೀಚೆ ಆಡಿಸುತ್ತಾ ಆ ಸುತ್ತುಗಳ ನಡುವಿನ ಸಂದಿಯಲ್ಲಿ ಆಸರೆ ಹುಡುಕಿಕೊಂಡು ಗೂಡು ಕಟ್ಟುತ್ತದೆ. ಸಂದಿಯ ಅಗಲ ಹುಳುವಿನ ಮೈಗೆ ಒಪ್ಪುವಂತೆ ಇಲ್ಲದಿದ್ದರೆ ಚಿತ್ರ ಸುಳ್ಳಾಗುತ್ತದೆ, ನಮ್ಮ ಕಡೆಯ ಮಕ್ಕಳು ಅದನ್ನು ಮೊದಲ ನೋಟಕ್ಕೇ ಹಿಡಿಯುತ್ತಾರೆ.

ಅಪಾಯದ ಸೂಚನೆ: ವರ್ಷದ ಕೊನೆಗೆ ಸ್ಕೆಚ್‌ಬುಕ್ಕಿನಲ್ಲಿ ಕೈ ಪಾದಗಳೆಲ್ಲ ಜೇಬಿನೊಳಗೆ, ಹುಲ್ಲಿನ ಹಿಂದೆ, ಪುಟದ ಅಂಚಿನಾಚೆ ಅಡಗಿದ್ದರೆ ಎರಡನೆಯ ಹಂತಕ್ಕೆ ಹೋಗಬೇಡಿ. ಎರಡು ತಿಂಗಳು ಕೈ ಪಾದಗಳನ್ನೇ ಬರೆಯಿರಿ.

## ಹಂತ 2: ಮಗುವಿನ ಮೈ, ಪಾತ್ರದ ಗುರುತು (ಎರಡನೆಯ ವರ್ಷ)

ಮಕ್ಕಳನ್ನು ಚಿಕ್ಕ ಗಾತ್ರದ ದೊಡ್ಡವರಂತೆ ಬರೆಯುವುದು ಅತಿ ಸಾಮಾನ್ಯ ತಪ್ಪು. ವಯಸ್ಕರ ಎತ್ತರ ಅವರ ತಲೆಯ ಏಳು ಅಥವಾ ಏಳೂವರೆಯಷ್ಟಿದ್ದರೆ, ಒಂದು ವರ್ಷದ ಕೂಸಿನದು ಸುಮಾರು ನಾಲ್ಕು ತಲೆ, ಐದಾರು ವರ್ಷದ ಮಗುವಿನದು ಐದೂವರೆಯ ಆಸುಪಾಸು. ಚಿಕ್ಕ ಮಕ್ಕಳ ಕಣ್ಣುಗಳು ತಲೆಯ ಅರ್ಧಕ್ಕಿಂತ ಕೆಳಗೆ ಬರುತ್ತವೆ, ಹಣೆ ದೊಡ್ಡದು, ಕುತ್ತಿಗೆ ಸಣ್ಣದು, ಹೊಟ್ಟೆ ಮುಂದಕ್ಕೆ ಬಂದಿರುತ್ತದೆ. ಶೈಲಿಗಾಗಿ ಈ ಅಳತೆಗಳನ್ನು ಮುರಿಯಬಹುದು. ಏನನ್ನು ಮುರಿಯುತ್ತಿದ್ದೇನೆಂದು ಗೊತ್ತಿದ್ದು ಮುರಿದರೆ ಮಾತ್ರ ಅದು ಶೈಲಿಯಾಗಿ ಕಾಣುತ್ತದೆ.

ಅಂಗನವಾಡಿಯಲ್ಲಿ, ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಬರೆಯಲು ಟೀಚರ್ ಅವರನ್ನೋ ಮುಖ್ಯೋಪಾಧ್ಯಾಯರನ್ನೋ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಮೊಬೈಲ್ ತೆಗೆಯಬೇಡಿ. ಬರೆದ ಹಾಳೆಯನ್ನು ಮಕ್ಕಳಿಗೆ ತೋರಿಸಿ; ತಮ್ಮ ಗೆಳೆಯನನ್ನು ಅವರು ಮುಖದಿಂದ ಗುರುತಿಸಿದರೋ, ನಿಂತ ಭಂಗಿಯಿಂದಲೋ, ಹರಿದ ಚಪ್ಪಲಿಯಿಂದಲೋ ಎಂದು ಗಮನಿಸಿ. ಪಾತ್ರದ ಗುರುತು ಎಲ್ಲಿದೆ ಎಂಬ ಪಾಠ ಅಲ್ಲೇ ಸಿಗುತ್ತದೆ.

ಆಮೇಲೆ ಕ್ಯಾರೆಕ್ಟರ್ ಶೀಟ್ ಮಾಡಬೇಕು. ಗೌರಿಯನ್ನು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ, ಅರೆವಾಸಿ ತಿರುಗಿದಂತೆ ಒಂದೇ ಎತ್ತರದ ಗೆರೆಗಳ ನಡುವೆ ಬರೆಯಿರಿ. ಇನ್ನೊಂದು ಹಾಳೆಯಲ್ಲಿ ಅವಳ ಆರು ಭಾವಗಳು ಬರಲಿ: ಭಯ, ಗುಟ್ಟು ಮುಚ್ಚಿಟ್ಟ ಖುಷಿ, ಬೇಸರ, ಕುತೂಹಲ, ಸಿಟ್ಟು, ನಿದ್ದೆ. ಮೂರನೆಯದರಲ್ಲಿ ಅವಳ ಕೈಕಾಲಿನ ಕೆಲಸಗಳು ಬರಲಿ: ಸೊಪ್ಪಿನ ಹೊರೆ ಹೊರುವುದು, ಕುಕ್ಕರುಗಾಲಿನಲ್ಲಿ ಕೂರುವುದು, ಬಗ್ಗಿ ಡಬ್ಬಿ ತೆರೆಯುವುದು, ಓಡುವುದು. ಬದಲಾಗದ ಮೂರು ಗುರುತುಗಳನ್ನು ಬರೆದಿಟ್ಟುಕೊಳ್ಳಿ. ಉದಾಹರಣೆಗೆ, ಒಂದು ಕಡೆಯ ರಿಬ್ಬನ್ ಯಾವಾಗಲೂ ಬಿಚ್ಚಿರುತ್ತದೆ, ಅಕ್ಕನ ಯೂನಿಫಾರ್ಮ್ ಆದ್ದರಿಂದ ತೋಳು ಮೊಣಕೈ ದಾಟುತ್ತದೆ, ಬಲಗಡೆ ದೊಡ್ಡ ಜೇಬಿದೆ.

ಪರೀಕ್ಷೆ ಸುಲಭ. ಪಾತ್ರವನ್ನು ಪೂರ್ತಿ ಕಪ್ಪು ತುಂಬಿ ನೆರಳಿನಂತೆ ಮಾಡಿ, ಕಥೆಯ ಬೇರೆ ಮಕ್ಕಳ ನೆರಳುಗಳ ಜೊತೆ ಇಡಿ. ಗೌರಿ ಯಾರೆಂದು ಮನೆಯವರು ಹೇಳಲಾರದಿದ್ದರೆ, ನೀವು ಅವಳನ್ನು ಮುಖದಲ್ಲಿ ಮಾತ್ರ ಕಟ್ಟಿದ್ದೀರಿ, ಮೈಯಲ್ಲಿ ಕಟ್ಟಿಲ್ಲ. ಮತ್ತೆ ಬರೆಯಿರಿ.

## ಹಂತ 3: ಚಿತ್ರಪುಸ್ತಕ ಓದುವುದು (ಎರಡನೆಯ ವರ್ಷದ ಜೊತೆಜೊತೆಗೆ)

ಚಿತ್ರಪುಸ್ತಕ ಓದದೆಯೇ ಚಿತ್ರಪುಸ್ತಕ ಮಾಡಹೊರಡುವವರು ಆಶ್ಚರ್ಯವಾಗುವಷ್ಟು ಮಂದಿ ಇದ್ದಾರೆ. ಜಿಲ್ಲಾ ಕೇಂದ್ರ ಗ್ರಂಥಾಲಯದ ಮಕ್ಕಳ ವಿಭಾಗ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ನವಕರ್ನಾಟಕ ಮತ್ತು ನ್ಯಾಷನಲ್ ಬುಕ್ ಟ್ರಸ್ಟಿನ ಕನ್ನಡ ಪುಸ್ತಕಗಳು, ಚೆನ್ನೈನ ತೂಲಿಕಾ ಪ್ರಕಾಶನದ ದ್ವಿಭಾಷಾ ಪುಸ್ತಕಗಳು ಓದಿಗೆ ಸಾಕಷ್ಟಾಗುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಸಾವಿರಾರು ಸಚಿತ್ರ ಕಥೆಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಳ್ಳಬಹುದು.

ಓದುವ ಕ್ರಮ ಹೀಗಿರಲಿ. ಮೊದಲ ಸಲ ಪಠ್ಯವನ್ನು ಕಾಗದದಿಂದ ಮುಚ್ಚಿ ಚಿತ್ರಗಳನ್ನಷ್ಟೇ ನೋಡಿ, ಕಥೆ ಎಷ್ಟು ತಿಳಿಯಿತೆಂದು ಬರೆಯಿರಿ. ಎರಡನೆಯ ಸಲ ಚಿತ್ರ ಮುಚ್ಚಿ ಪಠ್ಯವನ್ನಷ್ಟೇ ಓದಿ. ಇವೆರಡರ ನಡುವೆ ಉಳಿಯುವ ವ್ಯತ್ಯಾಸವೇ ಆ ಚಿತ್ರಕಾರರು ಮಾಡಿದ ಕೆಲಸ. ಮೂರನೆಯ ಸಲ ಪ್ರತಿ ಪುಟಜೋಡಿಯನ್ನು (ಪುಸ್ತಕ ತೆರೆದಾಗ ಒಟ್ಟಿಗೆ ಕಾಣುವ ಎಡ, ಬಲ ಪುಟಗಳನ್ನು) ಬೆಂಕಿಪೊಟ್ಟಣದ ಗಾತ್ರದಲ್ಲಿ ಗೀಚಿಕೊಂಡು, ಅಕ್ಷರ ಎಲ್ಲಿ ಕುಳಿತಿದೆ, ಪಾತ್ರ ಯಾವ ಕಡೆಗೆ ಮುಖ ಮಾಡಿದೆ ಎಂದು ಗುರುತು ಹಾಕಿ. ತಿಂಗಳಿಗೆ ನಾಲ್ಕು ಪುಸ್ತಕವನ್ನು ಹೀಗೆ ಬಿಚ್ಚಿದರೆ ಸಾಕು.

## ಹಂತ 4: ಕಥೆಯನ್ನು ಪುಟಗಳಿಗೆ ಹಂಚುವುದು (ಮೂರನೆಯ ವರ್ಷ ಪೂರ್ತಿ)

ಈ ವೃತ್ತಿಯ ನಡುಗಂಬ ಇದೇ. ಅವಸರ ಮಾಡುವವರು ಹಾರಿಸಿ ಹೋಗುವ ಹಂತವೂ ಇದೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ಮುದ್ರಣದಲ್ಲಿ ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುವುದರಿಂದ ಪುಟಗಳು ಎಂಟು ಅಥವಾ ಹದಿನಾರರ ಗುಣಕದಲ್ಲಿ ಬರುತ್ತವೆ. ಮಕ್ಕಳ ಪುಸ್ತಕಗಳು ಹೆಚ್ಚಾಗಿ 16, 24 ಅಥವಾ 32 ಪುಟ. 32 ಪುಟದ ಪುಸ್ತಕದಲ್ಲಿ ಮೊದಲ ಪುಟ ಶೀರ್ಷಿಕೆಗೆ, 2 ಮತ್ತು 3 ಪ್ರಕಾಶನದ ವಿವರ, ಅರ್ಪಣೆಗಳಿಗೆ ಹೋದರೆ, 4-5ರಿಂದ 30-31ರವರೆಗೆ ಹದಿನಾಲ್ಕು ಪುಟಜೋಡಿಗಳೂ ಕೊನೆಗೆ 32ನೆಯ ಒಂಟಿ ಪುಟವೂ ಕಥೆಗೆ ಉಳಿಯುತ್ತವೆ. 16 ಪುಟವಾದರೆ ಇದೇ ಲೆಕ್ಕದಲ್ಲಿ ಆರು ಪುಟಜೋಡಿ. ಈ ಲೆಕ್ಕ ತಿಳಿಯದೆ ಇಪ್ಪತ್ತೊಂದು ಚಿತ್ರ ಬರೆದು ತಂದವರಿಗೆ ಸಂಪಾದಕರು ಏನು ತಾನೇ ಹೇಳಿಯಾರು?

ಕಥೆಯ ಪಠ್ಯವನ್ನು ಮುದ್ರಿಸಿ ಕತ್ತರಿಯಿಂದ ತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ಪುಟಜೋಡಿಯ ಕಾಗದದ ಮೇಲೆ ಇಟ್ಟು ನೋಡಿ. ಎಲ್ಲಿ ಕತ್ತರಿಸಬೇಕು ಎಂಬುದನ್ನು ಪುಟ ತಿರುಗಿಸುವ ಕ್ಷಣ ತೀರ್ಮಾನಿಸುತ್ತದೆ. ಗೌರಿ ಡಬ್ಬಿಯ ಮುಚ್ಚಳಕ್ಕೆ ಬೆರಳಿಡುವುದು ಬಲಪುಟದಲ್ಲಿ ಬರಬೇಕು. ಡಬ್ಬಿಯಲ್ಲಿ ಹುಳುವಿನ ಬದಲು ಬಿಳಿ ಗೂಡು ಇರುವುದು ಪುಟ ತಿರುಗಿಸಿದ ಮೇಲೆ ಎಡಪುಟದಲ್ಲಿ ಕಾಣಬೇಕು. ಎರಡೂ ಒಂದೇ ಪುಟಜೋಡಿಯಲ್ಲಿ ಬಂದರೆ ಮಗುವಿನ ಕಣ್ಣು ಮೊದಲೇ ಗೂಡಿಗೆ ಹೋಗಿ ಕಥೆ ಅಲ್ಲಿಗೇ ಕೆಡುತ್ತದೆ. ಕನ್ನಡವನ್ನು ಎಡದಿಂದ ಬಲಕ್ಕೆ ಓದುವುದರಿಂದ, ಮುಂದೆ ಸಾಗುವ ಪಾತ್ರ ಬಲಕ್ಕೆ ನಡೆಯುವುದು, ಮನೆಗೆ ಮರಳುವಾಗ ಅಥವಾ ತಡೆ ಎದುರಾದಾಗ ಎಡಕ್ಕೆ ತಿರುಗುವುದು ಓದಿಗೆ ಹೊಂದುತ್ತದೆ.

ಇದಾದ ಮೇಲೆ ಒಂದೇ ದೊಡ್ಡ ಹಾಳೆಯಲ್ಲಿ ಎಲ್ಲಾ ಪುಟಜೋಡಿಗಳನ್ನು ಐದಾರು ಸೆಂಟಿಮೀಟರ್ ಅಗಲದ ಚೌಕಟ್ಟುಗಳಲ್ಲಿ ಗೀಚಿ. ಇವನ್ನು ಥಂಬ್‌ನೇಲ್ ಎನ್ನುತ್ತಾರೆ. ಇಲ್ಲಿ ಕಣ್ಣು ಮೂಗು ಬರೆಯಬೇಡಿ, ಕಪ್ಪು ಬಿಳುಪಿನ ಗುಡ್ಡೆಗಳಷ್ಟೇ ಇರಲಿ. ಪ್ರತಿ ಪುಟಜೋಡಿಗೂ ಕನಿಷ್ಠ ಮೂರು ಬಗೆ ಪ್ರಯತ್ನಿಸಿ, ಏಕೆಂದರೆ ಮೊದಲು ಹೊಳೆಯುವುದು ಹೆಚ್ಚಾಗಿ ಎಲ್ಲೋ ನೋಡಿದ ಚಿತ್ರವೇ ಆಗಿರುತ್ತದೆ. ಹಾಳೆಯನ್ನು ಗೋಡೆಗಂಟಿಸಿ ದೂರ ನಿಂತು ನೋಡಿದಾಗ ಹದಿನಾಲ್ಕೂ ಚೌಕಟ್ಟುಗಳಲ್ಲಿ ಗೌರಿ ಒಂದೇ ಗಾತ್ರದಲ್ಲಿ, ನಡುಮಧ್ಯೆ, ನಾಟಕದ ವೇದಿಕೆಯ ಮೇಲಿದ್ದಂತೆ ನಿಂತಿದ್ದರೆ ಹಂಚಿಕೆ ಸೋತಿದೆ. ಹುಳುವಿನ ಮಟ್ಟಕ್ಕೆ ಇಳಿದ ಒಂದು ನೋಟ, ಹುಳು ಮನೆಯ ಜಂತಿಯಿಂದ ಕೆಳಗೆ ನೋಡಿದ ಒಂದು ನೋಟ, ಹಿಪ್ಪುನೇರಳೆ ತೋಟದ ನಡುವೆ ಗೌರಿ ಎಳ್ಳುಕಾಳಿನಷ್ಟೇ ಕಾಣುವ ಒಂದು ಪುಟಜೋಡಿ ಬೇಕಾಗುತ್ತದೆ.

ಪಠ್ಯ ಹೇಳಿದ್ದನ್ನೇ ಚಿತ್ರ ಮತ್ತೆ ಹೇಳುವುದು ನಾನು ಅತಿ ಹೆಚ್ಚು ಕಂಡಿರುವ ದೋಷ. 'ಅವತ್ತು ಶಾಲೆಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ' ಎಂಬ ವಾಕ್ಯಕ್ಕೆ, ಸುಮ್ಮನೆ ಕುಳಿತ ತರಗತಿಯನ್ನು ಬರೆದರೆ ಚಿತ್ರಕ್ಕೆ ಕೆಲಸವೇ ಇಲ್ಲ. ಗೌರಿ ಮೇಷ್ಟರನ್ನೇ ದಿಟ್ಟಿಸುತ್ತಾ ನೆಟ್ಟಗೆ ಕುಳಿತಿರಲಿ. ಅವಳ ಜೇಬಿನಿಂದ ಹಿಪ್ಪುನೇರಳೆ ಎಲೆಯ ತುದಿ ಇಣುಕಲಿ. ಹಿಂದಿನ ಸಾಲಿನ ಮೂವರು, ಕಿಟಕಿಯಾಚೆಯ ಮೇಕೆ, ಎಲ್ಲರ ಕಣ್ಣೂ ಆ ಎಲೆಯ ಮೇಲೇ ಇರಲಿ. ಪಠ್ಯ ಒಂದು ಹೇಳಿ ಚಿತ್ರ ಇನ್ನೊಂದು ತೋರಿಸಿದಾಗ ಮಗು ಬರೆದವರಿಗಿಂತ ತಾನೇ ಜಾಣ ಎಂದು ನಗುತ್ತದೆ.

ಅಕ್ಷರಕ್ಕೆ ಜಾಗ ಬಿಡುವುದನ್ನು ಈ ಹಂತದಲ್ಲೇ ಕಲಿಯಿರಿ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು, ಚಿಕ್ಕ ಮಕ್ಕಳಿಗೆ ಅಕ್ಷರ ದೊಡ್ಡದಿರಬೇಕು. ಇವೆರಡೂ ಸೇರಿ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಜಾಗ ನುಂಗುತ್ತವೆ. ಆ ಜಾಗದಲ್ಲಿ ಚಿತ್ರ ತಿಳಿಯಾಗಿ, ಗೊಂದಲವಿಲ್ಲದೆ ಇರಲಿ. ಎರಡು ಪುಟ ಸೇರುವ ನಡುಗೆರೆಯ ಮೇಲೆ ಮುಖ, ಕೈ, ಅಕ್ಷರ ಯಾವುದೂ ಬೀಳಬಾರದು, ಏಕೆಂದರೆ ಹೊಲಿದ ಮೇಲೆ ಆ ಭಾಗ ಒಳಗೆ ಸೇರಿಹೋಗುತ್ತದೆ.

ಕೊನೆಗೆ ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ. ಎಂಟು ಹಾಳೆಗಳನ್ನು ಒಟ್ಟಿಗೆ ಮಡಚಿ ನಡುವೆ ಪಿನ್ ಹೊಡೆದರೆ ಮೂವತ್ತೆರಡು ಪುಟವಾಗುತ್ತದೆ. ಅದರಲ್ಲಿ ಪೆನ್ಸಿಲ್ ರಫ್‌ಗಳನ್ನು ಬರೆದು, ಪಠ್ಯದ ತುಂಡುಗಳನ್ನು ಅಂಟಿಸಿ, ಹತ್ತಿರದ ಅರಿವು ಕೇಂದ್ರಕ್ಕೋ ಶಾಲೆಗೋ ಹೋಗಿ ನಾಲ್ಕಾರು ಮಕ್ಕಳಿಗೆ ಓದಿ ಹೇಳಿ. ಚೆನ್ನಾಗಿದೆಯಾ ಎಂದು ಕೇಳಬೇಡಿ. ಮಕ್ಕಳು ದೊಡ್ಡವರ ಮನಸ್ಸು ನೋಯಿಸುವುದಿಲ್ಲ. ಯಾವ ಪುಟದಲ್ಲಿ ಬೆರಳು ಚಾಚಿದರು, ಯಾವ ಪುಟದಲ್ಲಿ ಆಕಳಿಸಿದರು, ಎಲ್ಲಿ 'ಇದ್ಯಾರು' ಎಂದು ಕೇಳಿದರು ಎಂಬುದನ್ನು ಡಮ್ಮಿಯ ಅಂಚಿನಲ್ಲೇ ಗುರುತು ಮಾಡಿ. 'ಇದ್ಯಾರು' ಎಂಬ ಪ್ರಶ್ನೆ ಗೌರಿಯ ಬಗ್ಗೆಯೇ ಬಂದರೆ ಎರಡನೆಯ ಹಂತಕ್ಕೆ ಮರಳಬೇಕು. ಒಂದು ವರ್ಷದಲ್ಲಿ ಮೂರು ಕಥೆಗಳಿಗೆ ಹೀಗೆ ಡಮ್ಮಿ ಮಾಡಿ. ಬಣ್ಣ ಮುಟ್ಟಬೇಡಿ.

## ಹಂತ 5: ಬಣ್ಣ (ನಾಲ್ಕನೆಯ ವರ್ಷದ ಮೊದಲರ್ಧ)

ಬಣ್ಣಕ್ಕೂ ಮೊದಲು ಬೆಳಕು ಕತ್ತಲೆಯ ಹಂಚಿಕೆ. ರಫ್‌ನ ಜೆರಾಕ್ಸ್ ಪ್ರತಿಯ ಮೇಲೆ ಬಿಳಿ, ಬೂದು, ಕಪ್ಪು ಮೂರೇ ಛಾಯೆಗಳಲ್ಲಿ ಪುಟಜೋಡಿಯನ್ನು ತುಂಬಿ, ಮುಖ್ಯವಾದದ್ದು ಥಟ್ಟನೆ ಕಾಣುತ್ತದೆಯೇ ನೋಡಿ. ಛಾಯೆಯಲ್ಲಿ ಕಾಣದ್ದನ್ನು ಬಣ್ಣ ತೋರಿಸಿಕೊಡುವುದಿಲ್ಲ.

ಆಮೇಲೆ ಇಡೀ ಪುಸ್ತಕಕ್ಕೆ ಐದಾರು ಬಣ್ಣಗಳನ್ನು ಆರಿಸಿ, ಪುಟದಿಂದ ಪುಟಕ್ಕೆ ಅವು ಹೇಗೆ ಬದಲಾಗುತ್ತವೆ ಎಂದು ಒಂದು ಪಟ್ಟಿಯಲ್ಲಿ ಬಳಿದಿಟ್ಟುಕೊಳ್ಳಿ. ಹುಳು ಮನೆಯ ಮಬ್ಬು ಕಂದು, ತೋಟದ ಹಸಿರು, ಶಾಲೆಯ ಗೋಡೆಯ ತಿಳಿನೀಲಿ, ಗೌರಿಯ ರಿಬ್ಬನ್ನಿಗೆ ಮಾತ್ರ ಕೆಂಪು. ಆ ಕೆಂಪು ಬೇರೆಲ್ಲೂ ಬರದಿದ್ದರೆ ಗದ್ದಲದ ಪುಟದಲ್ಲೂ ಮಗು ಅವಳನ್ನು ಹುಡುಕಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿರುವ ಎಲ್ಲಾ ಬಣ್ಣವನ್ನೂ ಪ್ರತಿ ಪುಟಕ್ಕೂ ಸುರಿಯುವುದು ಆರಂಭಿಕರ ಚಾಳಿ. ಮಕ್ಕಳಿಗೆ ಗಾಢ ಬಣ್ಣವೇ ಬೇಕು ಎಂಬ ಮಾತನ್ನು ನಾನು ನಂಬುವುದಿಲ್ಲ.

## ಹಂತ 6: ಟ್ಯಾಬ್ಲೆಟ್ ಮತ್ತು ಮುದ್ರಣದ ಲೆಕ್ಕ (ನಾಲ್ಕನೆಯ ವರ್ಷದ ಉತ್ತರಾರ್ಧ)

ಈಗ ಪೆನ್ ಟ್ಯಾಬ್ಲೆಟ್ ಕೊಳ್ಳಬಹುದು. ಪರದೆಯಿಲ್ಲದ ಸಾಧಾರಣ ಟ್ಯಾಬ್ಲೆಟ್, ಉಚಿತವಾಗಿ ಸಿಗುವ ಕ್ರಿಟಾ ತಂತ್ರಾಂಶ, ಮನೆಯಲ್ಲಿರುವ ಕಂಪ್ಯೂಟರ್ ಸೇರಿದರೆ ಕೆಲಸ ನಡೆಯುತ್ತದೆ. ಕಾಗದದ ಮೇಲೇ ಬಣ್ಣ ಹಾಕುವವರಿಗೂ ಸ್ಕ್ಯಾನ್ ಮಾಡಿ ಶುಚಿಗೊಳಿಸುವಷ್ಟು ತಂತ್ರಾಂಶ ಗೊತ್ತಿರಬೇಕು. ಮೊಬೈಲಿನಲ್ಲಿ ತೆಗೆದ ಚಿತ್ರದ ಫೋಟೋ ಮುದ್ರಣಕ್ಕೆ ಆಗುವುದಿಲ್ಲ.

ಅಳತೆಯನ್ನು ಪ್ರಕಾಶಕರಿಂದ ಮೊದಲೇ ಕೇಳಿ ಪಡೆಯಬೇಕು. 8 ಇಂಚಿನ ಚದರ ಪುಟವಾದರೆ ಪುಟಜೋಡಿ 16×8 ಇಂಚು. ಇಂಚಿಗೆ 300 ಚುಕ್ಕಿಯಂತೆ 4800×2400 ಪಿಕ್ಸೆಲ್. ಇದರ ಹೊರಗೆ ನಾಲ್ಕೂ ಕಡೆ ಸಾಮಾನ್ಯವಾಗಿ 3 ಮಿಲಿಮೀಟರ್, ಅಂದರೆ ಸುಮಾರು 35 ಪಿಕ್ಸೆಲ್, ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಚಿತ್ರದ ಅಂಚು) ಬಿಡಬೇಕು. ಕತ್ತರಿಸುವಾಗ ಅಲಗು ಕೂದಲೆಳೆಯಷ್ಟು ಸರಿದರೂ ಬಿಳಿ ಅಂಚು ಕಾಣದಿರಲಿ ಎಂದು ಈ ಏರ್ಪಾಟು. ಸಣ್ಣ ಕಡತದಲ್ಲಿ ಬರೆದು ಕೊನೆಗೆ ಹಿಗ್ಗಿಸಿದರೆ ಗೆರೆಗಳು ಮಸುಕಾಗುತ್ತವೆ, ಅದನ್ನು ಸರಿಪಡಿಸುವ ದಾರಿ ಇಲ್ಲ.

ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ. ಮುದ್ರಣ ನಾಲ್ಕು ಶಾಯಿಗಳಿಂದ ಬಣ್ಣ ಕಟ್ಟುತ್ತದೆ. ಪರದೆಯ ಮೇಲೆ ಹೊಳೆಯುವ ಗಿಳಿಹಸಿರು, ಕಡು ನೀಲಿ, ಮಿಂಚುಗುಲಾಬಿ ಕಾಗದದ ಮೇಲೆ ಮಂಕಾಗಿ ಇಳಿಯುತ್ತವೆ. ಹಿಪ್ಪುನೇರಳೆ ತೋಟದ ಪುಟವನ್ನು ಬೇಗ ಮುಗಿಸಿ, ಒಳ್ಳೆಯ ಪ್ರಿಂಟರ್ ಇರುವ ಅಂಗಡಿಯಲ್ಲಿ ಒಂದು ಪ್ರತಿ ತೆಗೆಸಿ ನೋಡಿ, ಆಮೇಲೆ ಉಳಿದವಕ್ಕೆ ಕೈ ಹಾಕಿ.

ಇನ್ನೊಂದು ಎಚ್ಚರ. ಅಂಗಡಿಯ ಬೋರ್ಡು, ಬಸ್ಸಿನ ಫಲಕ, ಕರಿಹಲಗೆಯ ಬರಹ ಇವನ್ನು ಚಿತ್ರದೊಳಗೇ ಬೆಸೆಯದೆ ತಂತ್ರಾಂಶದ ಬೇರೆ ಪದರದಲ್ಲಿ (ಲೇಯರ್) ಇಡಿ. ಪುಸ್ತಕ ತೆಲುಗಿಗೋ ಹಿಂದಿಗೋ ಹೋದಾಗ ಆ ಬರಹ ಬದಲಿಸಬೇಕಾಗುತ್ತದೆ. ಕಥೆಯ ಪಠ್ಯವನ್ನು ಬರಿಯ ಕಪ್ಪು ಶಾಯಿಯಲ್ಲೇ ಇಡುವುದಕ್ಕೂ ಇದೇ ಕಾರಣ: ಭಾಷೆ ಬದಲಾದರೆ ಮುದ್ರಕರು ಕಪ್ಪು ಶಾಯಿಯ ಅಚ್ಚಿನ ಪ್ಲೇಟ್ ಒಂದನ್ನೇ ಬದಲಿಸುತ್ತಾರೆ.

## ಹಂತ 7: ಪೋರ್ಟ್‌ಫೋಲಿಯೊ ಕಟ್ಟಿ ಕಳಿಸುವುದು (ಐದನೆಯ ವರ್ಷ)

ಪೋರ್ಟ್‌ಫೋಲಿಯೊಗೆ, ಅಂದರೆ ಪ್ರಕಾಶಕರಿಗೆ ತೋರಿಸುವ ಚಿತ್ರಗಳ ಕಟ್ಟಿಗೆ, ಹನ್ನೆರಡರಿಂದ ಹದಿನೈದು ಚಿತ್ರ ಸಾಕು, ಆದರೆ ಬಿಡಿ ಚಿತ್ರಗಳಲ್ಲ. ಒಂದೇ ಕಥೆಯ ಮೂರು ನಾಲ್ಕು ಪುಟಜೋಡಿಗಳು ಅನುಕ್ರಮವಾಗಿ ಇರಲಿ, ಎರಡು ಕಥೆಗಳಿಂದ. ಜೊತೆಗೆ ಒಂದು ಕ್ಯಾರೆಕ್ಟರ್ ಶೀಟ್, ಗುಂಪು ಇರುವ ಒಂದು ಚಿತ್ರ, ಪ್ರಾಣಿಯ ಒಂದು ಚಿತ್ರ, ಮಳೆ ಅಥವಾ ರಾತ್ರಿಯ ಒಂದು ದೃಶ್ಯ, ಪೂರ್ತಿ ಡಮ್ಮಿಯ ಪಿಡಿಎಫ್. ದುರ್ಬಲವಾದ ಒಂದು ಚಿತ್ರ ಸೇರಿದರೂ ಸಂಪಾದಕರು ನಿಮ್ಮನ್ನು ಅದರಿಂದಲೇ ಅಳೆಯುತ್ತಾರೆ. ಅನುಮಾನ ಬಂದದ್ದನ್ನು ತೆಗೆಯಿರಿ.

ಸ್ವಂತ ಕಥೆ ಇಲ್ಲದವರು ಸ್ಟೋರಿವೀವರ್‌ನ ಮುಕ್ತ ಪರವಾನಗಿಯ ಪಠ್ಯವನ್ನು ತೆಗೆದುಕೊಂಡು, ಲೇಖಕರ ಹೆಸರು ಮತ್ತು ಪರವಾನಗಿ ನಮೂದಿಸಿ, ಅದಕ್ಕೆ ತಮ್ಮದೇ ಚಿತ್ರ ಬರೆಯಬಹುದು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ನೀವು ಅದೇ ಬಗೆಯ ಪರವಾನಗಿಯಲ್ಲಿ ಚಿತ್ರ ಬಿಡುಗಡೆ ಮಾಡಿದರೆ, ಹೆಸರು ಹಾಕಿ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು; ಒಮ್ಮೆ ಕೊಟ್ಟದ್ದನ್ನು ಹಿಂಪಡೆಯಲಾಗದು.

ಕಳಿಸುವ ಮೊದಲು ಆ ಪ್ರಕಾಶನದ ಹತ್ತು ಪುಸ್ತಕಗಳನ್ನಾದರೂ ನೋಡಿರಬೇಕು. ಎಲ್ಲರಿಗೂ ಒಂದೇ ಇಮೇಲ್ ಹೋದದ್ದು ವಿಳಾಸದ ಸಾಲಿನಲ್ಲೇ ಕಂಡರೆ ಉತ್ತರ ಬರುವುದಿಲ್ಲ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಮಳಿಗೆ ಹಾಕಿದರೆ ಪ್ರಕಾಶಕರು ಸಿಗುತ್ತಾರೆಂದು ಕೆಲವರು ಭಾವಿಸುತ್ತಾರೆ. ಅಲ್ಲಿ ಬರುವವರು ಗೋಡೆಗೆ ಹಾಕುವ ಚಿತ್ರ ಕೊಳ್ಳಲು ಬರುವವರು. ಪುಸ್ತಕದ ಕೆಲಸಕ್ಕೆ ಆ ಖರ್ಚು ಬೇಕಿಲ್ಲ.

## ಹಂತ 8: ಮೊದಲ ಕೆಲಸ, ಕರಾರು, ಹಣ

ಕೆಲಸ ಒಪ್ಪುವ ಮೊದಲು ಆರು ವಿಷಯ ಬರಹದಲ್ಲಿ ಬರಬೇಕು: ಪುಟ ಮತ್ತು ಚಿತ್ರಗಳ ಸಂಖ್ಯೆ, ರಫ್ ಹಾಗೂ ಅಂತಿಮ ಚಿತ್ರ ಒಪ್ಪಿಸುವ ದಿನಾಂಕಗಳು, ಎಷ್ಟು ಸುತ್ತು ತಿದ್ದುಪಡಿ, ಹಣ ಯಾವ ಯಾವ ಹಂತದಲ್ಲಿ, ಹಕ್ಕು ಯಾರದು, ಹೆಸರು ಎಲ್ಲಿ ಅಚ್ಚಾಗುತ್ತದೆ. ಹಣವನ್ನು ಸಹಿಯಾದಾಗ, ರಫ್ ಒಪ್ಪಿಗೆಯಾದಾಗ, ಅಂತಿಮ ಚಿತ್ರ ಕೊಟ್ಟಾಗ ಎಂದು ಮೂರು ಕಂತಾಗಿ ಕೇಳುವುದು ಮೇಲು. ರಫ್ ಒಪ್ಪಿಗೆಯನ್ನು ಇಮೇಲಿನಲ್ಲಿ ಪಡೆಯದೆ ಬಣ್ಣಕ್ಕೆ ಇಳಿಯಲೇಬೇಡಿ. ಬಣ್ಣ ಹಾಕಿದ ಮೇಲೆ 'ಹುಡುಗಿ ಎಡಗಡೆ ಇರಲಿ' ಎಂದರೆ ಒಂದು ವಾರದ ಕೆಲಸ ಹೋಯಿತು.

ಹಕ್ಕಿನ ವಿಷಯದಲ್ಲಿ ಬಾಯಿಮಾತು ನಂಬಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಂ ಪ್ರಕಾರ ಕೃತಿಯ ಮೊದಲ ಒಡೆತನ ಸಾಮಾನ್ಯವಾಗಿ ರಚಿಸಿದವರದ್ದು. ಆದರೆ ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರ, ಭಾವಚಿತ್ರಗಳ ವಿಷಯದಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಒಡೆಯರಾಗುತ್ತಾರೆ ಎಂದೂ ಅದೇ ಕಲಂ ಹೇಳುತ್ತದೆ. ಆದ್ದರಿಂದ ಒಡೆತನ ನಿಮ್ಮದೇ, ಪ್ರಕಾಶಕರಿಗೆ ಇಂತಿಷ್ಟು ಬಳಕೆಗೆ ಮಾತ್ರ ಅನುಮತಿ ಎಂದು ಬರೆಸಿಕೊಳ್ಳಬೇಕು. 19ನೆಯ ಕಲಂ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಡನೆ ಇರಬೇಕು. ಅವಧಿ ನಮೂದಿಸದಿದ್ದರೆ ಅದು 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತದೊಳಗೆ ಮಾತ್ರ. ಹಕ್ಕು ಬರೆದುಕೊಟ್ಟ ಮೇಲೂ ಚಿತ್ರ ತನ್ನದೆಂದು ಹೇಳಿಕೊಳ್ಳುವ, ಹೆಸರಿಗೆ ಕುಂದು ತರುವಂತೆ ಅದನ್ನು ತಿರುಚಿದರೆ ಆಕ್ಷೇಪಿಸುವ ಅಧಿಕಾರವನ್ನು 57ನೆಯ ಕಲಂ ಉಳಿಸಿಕೊಡುತ್ತದೆ.

ಬಿಲ್ಲಿನಲ್ಲಿ ಪ್ಯಾನ್ ಸಂಖ್ಯೆ ನಮೂದಿಸಿ. ಇಲ್ಲವಾದರೆ ಮೂಲದಲ್ಲೇ ಕಡಿತವಾಗುವ ತೆರಿಗೆ ಶೇ 10ರ ಬದಲು ಶೇ 20 ಆಗಬಹುದು. ಕಡಿತವಾದದ್ದನ್ನು ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ತಂದುಕೊಳ್ಳಬಹುದು.

ಕೆಲವು ಸೂಚನೆ ಕಂಡರೆ ಹಿಂದೆ ಸರಿಯಿರಿ. ಪಠ್ಯ ಇನ್ನೂ ಸಿದ್ಧವಾಗಿಲ್ಲ, ಚಿತ್ರ ಶುರು ಮಾಡಿ ಎನ್ನುವವರು. ಪೂರ್ತಿ ಬಣ್ಣದ ಎರಡು ಪುಟಜೋಡಿಗಳನ್ನು ಮಾದರಿಯೆಂದು ಪುಕ್ಕಟೆ ಕೇಳುವವರು. ಇಂಥವರ ಚಿತ್ರದ ಹಾಗೆಯೇ ಬೇಕು ಎಂದು ಬೇರೆಯವರ ಪುಸ್ತಕ ಮುಂದಿಡುವವರು. ಹೆಸರು ಬರುತ್ತದಲ್ಲ ಎಂದು ಹಣದ ಮಾತು ಮುಂದೂಡುವವರು. ಮಾದರಿಗೆ ಒಂದು ಪೆನ್ಸಿಲ್ ರಫ್ ಕೊಡುವುದು ನ್ಯಾಯ, ಅದಕ್ಕಿಂತ ಹೆಚ್ಚಿಗೆ ಹಣ ಕೇಳಿ.

ಅಚ್ಚಾದ ಮೊದಲ ಪ್ರತಿ ಬಂದಾಗ ನಿಮ್ಮ ಕಡತದ ಪಕ್ಕದಲ್ಲಿಟ್ಟು ಪುಟ ಪುಟ ಹೋಲಿಸಿ, ಯಾವ ಬಣ್ಣ ಎಷ್ಟು ಮಂಕಾಯಿತು, ನಡುಗೆರೆ ಎಷ್ಟು ನುಂಗಿತು ಎಂದು ಬರೆದಿಡಿ; ಅದೇ ಮುದ್ರಣಾಲಯಕ್ಕೆ ಹೋಗುವ ಮುಂದಿನ ಪುಸ್ತಕಕ್ಕೆ ಆ ಟಿಪ್ಪಣಿ ಬೇಕಾಗುತ್ತದೆ. ಮೂಲ ಹಾಳೆಗಳು ಪ್ರಕಾಶಕರ ಬಳಿ ಇದ್ದರೆ ಕರಾರಿನಂತೆ ಕೇಳಿ ವಾಪಸು ಪಡೆಯಿರಿ. ಅವುಗಳನ್ನು ಸುತ್ತದೆ, ನಡುವೆ ತೆಳುಕಾಗದ ಇಟ್ಟು, ಮಟ್ಟಸವಾಗಿ, ಗೆದ್ದಲು ಹತ್ತದಂತೆ ನೆಲದಿಂದಲೂ ಗೋಡೆಯಿಂದಲೂ ದೂರ ಇರಿಸಿ. ಡಿಜಿಟಲ್ ಕಡತದ ಪದರಗಳನ್ನು ಒಂದುಗೂಡಿಸದ ಪ್ರತಿಯನ್ನು ಎರಡು ಬೇರೆ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಎರಡನೆಯ ಮುದ್ರಣಕ್ಕೋ ಅನುವಾದಕ್ಕೋ ಪ್ರಕಾಶಕರು ಕೇಳುವುದು ಅದನ್ನೇ.